ಮೊಣಕಾಲು ನೋಯುತ್ತಿದ್ದರೆ ಮೊದಲು ಸೀಟು ಅಳೆಯಿರಿ

ರೋಡ್ ಸೈಕಲ್ ಕೊಂಡ ಹೊಸದರಲ್ಲಿ ಮೊಣಕಾಲು ನೋವು ಶುರುವಾದರೆ ಸುತ್ತಲಿನವರು ಹೇಳುವುದು ಎರಡೇ ಮಾತು: ವಯಸ್ಸಾಯಿತು, ಇಲ್ಲವೇ ರೂಢಿಯಾದರೆ ಹೋಗುತ್ತದೆ. ಎರಡನ್ನೂ ನಂಬಬೇಡಿ. ಪುಣೆಯಲ್ಲಿ ನೆಲೆಸಿರುವ ಧಾರವಾಡ, ವಿಜಯಪುರ ಕಡೆಯ ನಾವೊಂದಷ್ಟು ಜನ ಭಾನುವಾರ ಖಡಕವಾಸ್ಲಾ ದಾರಿ ಹಿಡಿಯುತ್ತೇವೆ. ಹೊಸದಾಗಿ ಸೇರಿದವರಲ್ಲಿ ಹೆಚ್ಚಿನವರಿಗೆ ಈ ನೋವು ಬಂದಿದೆ, ನನಗೂ ಬಂದಿತ್ತು. ವಾಸಿಯಾದದ್ದು ಅಲನ್ ಕೀ, ಟೇಪು ಮತ್ತು ಗೇರಿನಿಂದ.

ನೋವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬಂದರೆ ಅರ್ಧ ಕೆಲಸ ಆದಂತೆ. ನನಗೆ ನೋಯುತ್ತಿದ್ದದ್ದು ಮಂಡಿಚಿಪ್ಪಿನ ಮುಂಭಾಗ, ಅದರಲ್ಲೂ ಮೆಟ್ಟಿಲು ಇಳಿಯುವಾಗ. ಮುಂದೆ ನೋವಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿರುತ್ತದೆ ಅಥವಾ ಭಾರದ ಗೇರಿನಲ್ಲಿ ತುಳಿಯುತ್ತಿರುತ್ತೀರಿ. ಹಿಂಭಾಗದಲ್ಲಿ ಸೆಳೆದರೆ ಸೀಟು ಎತ್ತರವಾಗಿದೆಯೇ ನೋಡಿ. ಹೊರಮಗ್ಗುಲು, ಒಳಮಗ್ಗುಲಿನ ನೋವಿಗೆ ಶೂ ಕೆಳಗಿನ ಕ್ಲೀಟ್ (ಶೂವನ್ನು ಪೆಡಲಿಗೆ ಸಿಕ್ಕಿಸುವ ತುಂಡು) ಎತ್ತ ತಿರುಗಿದೆ ಎಂದು ಮೊದಲು ಪರೀಕ್ಷಿಸಬೇಕು.

ನಾನು ಸೈಕಲ್ ಕೊಂಡ ಅಂಗಡಿಯವರು, ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಮುಟ್ಟುವಂತೆ ಸೀಟು ಇಳಿಸಿ ಕೊಟ್ಟಿದ್ದರು. ನಿಲ್ಲಿಸುವಾಗ ಅದು ಹಿತವೇ. ಆದರೆ ತುಳಿಯುವಾಗ ಮೊಣಕಾಲು ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ. ಹಾಗೆ ಮಡಚಿದ ಕಾಲಿನಿಂದ ಬಲ ಹಾಕಿದಷ್ಟೂ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ನಿಮಿಷಕ್ಕೆ 80 ಸುತ್ತಿನಂತೆ ಲೆಕ್ಕ ಹಾಕಿದರೆ ತಾಸಿಗೆ 4800 ಸಲ, ಪ್ರತಿ ಕಾಲಿಗೆ.

ಸೀಟಿನ ಎತ್ತರ ಅಳೆದದ್ದು ಹೀಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ದಪ್ಪ ರಟ್ಟಿನ ಪುಸ್ತಕವನ್ನು ತೊಡೆಸಂದಿಗೆ ಬಿಗಿಯಾಗಿ ಒತ್ತಿ ಹಿಡಿದೆ. ಪುಸ್ತಕದ ಮೇಲಂಚು ಗೋಡೆಗೆ ತಾಗಿದ ಕಡೆ ಹೆಂಡತಿ ಪೆನ್ಸಿಲ್ ಗುರುತು ಹಾಕಿದಳು. ನೆಲದಿಂದ ಅಲ್ಲಿಗೆ 80 ಸೆಂ.ಮೀ. ಅದನ್ನು 0.883ರಿಂದ ಗುಣಿಸಿದರೆ 70.6, ಮೂರು ಸಲ ಟೂರ್ ದ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಿಂದ ಈ ಲೆಕ್ಕ ಪ್ರಸಿದ್ಧ. ಕ್ರ್ಯಾಂಕ್, ಅಂದರೆ ಪೆಡಲ್ ಕೂರಿಸಿದ ತೋಳು, ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ದೂರ ಇರಬೇಕು. ಇದು ಆರಂಭದ ಅಳತೆ ಮಾತ್ರ. ಆಮೇಲೆ ಸೈಕಲ್ ಏರಿ, ಗೋಡೆ ಹಿಡಿದು, ಪೆಡಲ್ ತೀರಾ ಕೆಳಗಿದ್ದಾಗ ಹಿಮ್ಮಡಿ ಇಟ್ಟು ನೋಡಿ: ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಪಾದದ ಮುಂಭಾಗ ಇಟ್ಟಾಗ ಮೊಣಕಾಲು 25ರಿಂದ 35 ಡಿಗ್ರಿಯಷ್ಟು ಮಡಚಿರಬೇಕು. ಹಳೆಯ ಎತ್ತರಕ್ಕೆ ಸೀಟ್ ಪೋಸ್ಟ್ ಮೇಲೆ ಇನ್ಸುಲೇಷನ್ ಟೇಪು ಸುತ್ತಿ, ಒಮ್ಮೆಗೆ ಮೂರ್ನಾಲ್ಕು ಮಿ.ಮೀ. ಮಾತ್ರ ಏರಿಸುತ್ತ ಬಂದೆ. ನಡುವೆ ಒಂದೆರಡು ರೈಡ್ ಆಗಲೇಬೇಕು, ಇಲ್ಲದಿದ್ದರೆ ಯಾವ ಬದಲಾವಣೆ ಏನು ಮಾಡಿತು ಎಂದು ತಿಳಿಯುವುದಿಲ್ಲ.

ಸೀಟಿಗಿಂತ ಗೇರಿನ ಅಭ್ಯಾಸ ಬಿಡಿಸುವುದು ಕಷ್ಟ. ನಮ್ಮ ಗುಂಪಿನ ವಿಜಯಪುರದ ಹುಡುಗ ಕಾತ್ರಜದ ಹಳೇ ಘಾಟಿನಲ್ಲಿ ಪೆಡಲ್ ಬಳಿಯ ದೊಡ್ಡ ಹಲ್ಲುಚಕ್ರದಲ್ಲೇ, ಅಂದರೆ ಭಾರದ ಗೇರಿನಲ್ಲೇ, ಒದ್ದಾಡುತ್ತಿದ್ದ. ಹಗುರ ಗೇರಿಗೆ ಬಾ ಎಂದರೆ, “ಅಣ್ಣಾರ, ಬರೇ ಕಾಲ ತಿರಗತಾವ್ರೀ, ಗಾಡಿ ಮುಂದ ಹೋಗಂಗಿಲ್ಲ” ಎಂದ. “ಹೋಗ್ಲಿ ಬಿಡು, ಹಿಂದ ಬಿದ್ರ ನಾ ಇರ್ತೀನಿ, ನೀ ಬಲಗಾಲು ಎಣಸು” ಎಂದೆ. ಬಲ ಮೊಣಕಾಲು ಮೇಲೆ ಬರುವುದನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು, ಯಂತ್ರ ಬೇಡ. ಸಮತಟ್ಟು ರಸ್ತೆಯಲ್ಲಿ 20ರಿಂದ 22 ಬಂದರೆ ನಿಮಿಷಕ್ಕೆ 80-88. ಏರಿನಲ್ಲಿ ಕಡಿಮೆಯಾಗುತ್ತದೆ, ಆದರೆ 60ಕ್ಕಿಂತ ಇಳಿದರೆ ಮೊಣಕಾಲಿಗೆ ಭಾರ ಬೀಳುತ್ತಿದೆ ಎಂದೇ ತಿಳಿಯಿರಿ.

ಸಿಂಹಗಡ ಹತ್ತುವ ಆಸೆ ಪುಣೆಗೆ ಬಂದ ಪ್ರತಿ ಸೈಕಲಿಗನಿಗೂ ಇರುತ್ತದೆ. ಕೋಟೆ ಸಮುದ್ರಮಟ್ಟದಿಂದ ಸುಮಾರು 1300 ಮೀಟರ್ ಎತ್ತರದಲ್ಲಿದೆ, ಊರು 560ರಲ್ಲಿ. ಕೊನೆಯ ಏರು ಕಡಿದು. ಅತಿ ಹಗುರ ಗೇರಿನಲ್ಲೂ ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 28 ಇದ್ದರೆ ಹೊಸಬರಿಗೆ ಅದು ಶಿಕ್ಷೆ; ಹಿಂದೆ ಹಲ್ಲು ಹೆಚ್ಚಿದಷ್ಟೂ ತುಳಿಯುವುದು ಹಗುರ. ನಾನು ಹಿಂದಿನದನ್ನು 32ಕ್ಕೆ ಬದಲಿಸಿಕೊಂಡ ಮೇಲೆಯೇ ಆ ದಾರಿಗೆ ಹೋದದ್ದು. ಅಲ್ಲಿಯವರೆಗೆ ಕಾತ್ರಜ ಮತ್ತು ಪಾನಶೇತ್ ರಸ್ತೆಯ ಏರಿಳಿತ ಬೇಕಾದಷ್ಟಾಯಿತು.

ಕ್ಲೀಟ್ ಹಾಕುವವರು ಶಿಮಾನೋದ ಹಳದಿಯದನ್ನೇ ಆರಿಸಿ; ಅದರಲ್ಲಿ ಪಾದ 6 ಡಿಗ್ರಿ ಆಡುತ್ತದೆ. ಕೆಂಪಿನದು ಸ್ವಲ್ಪವೂ ಆಡುವುದಿಲ್ಲ, ಕೋನ ತಪ್ಪಿದ್ದರೆ ಆ ತಿರುಚನ್ನೆಲ್ಲ ಮೊಣಕಾಲೇ ಹೊರಬೇಕು.

ಮನೆಯಲ್ಲಿ ಒಂದೇ ವ್ಯಾಯಾಮ ಬಿಡದೆ ಮಾಡಿದೆ: ಮೆಟ್ಟಿಲಿನಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ನೆಲಕ್ಕೆ ಸೋಕುವಷ್ಟು ನಿಧಾನ ಇಳಿಯುವುದು. ಮೊಣಕಾಲು ಒಳಕ್ಕೆ ವಾಲಬಾರದು. ವಾಲಿದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಎಂದರ್ಥ.

ಊತ ಬಂದರೆ, ಮಡಚುವಾಗ ಮೊಣಕಾಲು ಅರ್ಧಕ್ಕೇ ಸಿಕ್ಕಿಹಾಕಿಕೊಂಡಂತಾದರೆ, ನಡೆಯುವಾಗ ಕುಸಿದಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಸೀಟು ಮುಟ್ಟದೆ ಮೂಳೆ ವೈದ್ಯರ ಬಳಿ ಹೋಗಿ. ನೋವು ಎಲ್ಲಿ, ಎಷ್ಟು ಕಿಲೋಮೀಟರ್ ಆದ ಮೇಲೆ, ಏರಿನಲ್ಲೋ ಸಮತಟ್ಟಿನಲ್ಲೋ ಎಂದು ಬರೆದುಕೊಂಡು ಹೋಗಿ. ನೀವು ತುಳಿಯುತ್ತಿರುವ ವಿಡಿಯೋವನ್ನು ಪಕ್ಕದಿಂದ ಮತ್ತು ಎದುರಿನಿಂದ ಯಾರಿಂದಲಾದರೂ ತೆಗೆಸಿ ತೋರಿಸಿದರೆ ಅವರಿಗೂ ಅನುಕೂಲ.