ಟಿಸಿ ಕೊಡುವ ದಿನವೇ ಪ್ರತಿಭಾ ಪುರಸ್ಕಾರ: ನಮ್ಮ ಪ್ರೌಢಶಾಲೆಯ ಅನುಭವ

ಎಸ್ಸೆಸ್ಸೆಲ್ಸಿ ಪಾಸಾದ ಮಕ್ಕಳು ಟಿಸಿ (ವರ್ಗಾವಣೆ ಪತ್ರ) ಒಯ್ಯಲು ಬರುವ ದಿನವೇ ಅವರನ್ನು ಸನ್ಮಾನಿಸುತ್ತೇವೆ. ಅತಿಥಿಗಳಿಲ್ಲ, ಶಾಮಿಯಾನವಿಲ್ಲ, ಇದೆಂಥ ಪುರಸ್ಕಾರ ಎಂದು ಸ್ಟಾಫ್ ರೂಮಿನಲ್ಲೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಕೇಳಿದವರೇ ಹೆಚ್ಚು. ಈಗ ಮೂರು ವರ್ಷವಾಯಿತು. ಈ ಸಲ ಕರೆದ 60 ಚಿಲ್ಲರೆ ಮಕ್ಕಳಲ್ಲಿ ಬಾರದವರು ನಾಲ್ಕೈದು ಮಂದಿ ಮಾತ್ರ. ಪಕ್ಕದ ಹೋಬಳಿಯ ಎರಡು ಶಾಲೆಯವರೂ ಇದನ್ನೇ ಹಿಡಿದಿದ್ದಾರೆ.

ಮೊದಲು ಆಗಸ್ಟ್ 15ಕ್ಕೆ ಇಟ್ಟುಕೊಳ್ಳುತ್ತಿದ್ದೆವು. ಅಷ್ಟೊತ್ತಿಗೆ ಒಳ್ಳೆ ಅಂಕದವರು ಪಿಯು ಸೇರಿ ಹಾಸ್ಟೆಲಿನಲ್ಲಿರುತ್ತಾರೆ, ಅವರ ಕಾಲೇಜಿನಲ್ಲೂ ಅವತ್ತೇ ಧ್ವಜಾರೋಹಣ. ಫಲಕ ಒಯ್ಯಲು ಅಪ್ಪ ಬರುತ್ತಿದ್ದರು. ವಾರ್ಷಿಕೋತ್ಸವಕ್ಕೆ ತಳ್ಳಿದ ವರ್ಷ ಅಪ್ಪಂದಿರೂ ಬರಲಿಲ್ಲ. ಖರ್ಚು ಸುಮಾರು 28 ಸಾವಿರ. ಶಾಮಿಯಾನ, ಮೈಕ್ ಸೆಟ್, ಫ್ಲೆಕ್ಸ್, ಹಾರ-ಶಾಲು, ಊಟ ಕಳೆದರೆ ಮಕ್ಕಳಿಗೆ ಮುಟ್ಟಿದ್ದು ಆರೇಳು ಸಾವಿರ.

ಟಿಸಿ ಇಲ್ಲದೆ ಪಿಯು ದಾಖಲಾತಿ ಮುಗಿಯುವುದಿಲ್ಲ, ಹಾಗಾಗಿ ಮಗು, ಪೋಷಕರು ಹೇಗೂ ಬರುತ್ತಾರೆ. ಫಲಿತಾಂಶವಾಗಿ ಎಂಟ್ಹತ್ತು ದಿನಕ್ಕೆ ಒಂದೇ ದಿನ ಗೊತ್ತುಮಾಡಿ, ಬೆಳಿಗ್ಗೆ ಹತ್ತಕ್ಕೆ ಸನ್ಮಾನ, ಹನ್ನೊಂದೂವರೆಗೆ ಟಿಸಿ. ಈ ಕ್ರಮ ತಪ್ಪಬಾರದು. ಮೊದಲ ವರ್ಷ ಟಿಸಿ ಮೊದಲು ಕೊಟ್ಟೆವು, ಅರ್ಧ ಜನ ಬಸ್ ಹತ್ತಿದರು.

ಎಲ್ಲರೂ ಎಡವುವುದು 'ಹೆಚ್ಚು ಪ್ರಗತಿ' ಬಹುಮಾನದಲ್ಲಿ. ಪೂರ್ವಸಿದ್ಧತಾ ಪರೀಕ್ಷೆಯ ಅಂಕವನ್ನು ನೇರವಾಗಿ ಎಸ್ಸೆಸ್ಸೆಲ್ಸಿಯ 625ರ ಅಂಕಕ್ಕೆ ಹೋಲಿಸಿದರೆ ಎಲ್ಲರೂ ಏರಿದಂತೆ ಕಾಣುತ್ತದೆ, ಏಕೆಂದರೆ ಅದರಲ್ಲಿ ಶಾಲೆಯೇ ಕೊಡುವ 125 ಆಂತರಿಕ ಅಂಕ ಸೇರಿರುತ್ತದೆ. ಪ್ರಥಮ ಭಾಷೆಯ 100, ಉಳಿದ ಐದಕ್ಕೆ ತಲಾ 80, ಹೀಗೆ 500ರ ಲಿಖಿತ ಅಂಕಗಳನ್ನಷ್ಟೇ ಪಕ್ಕಪಕ್ಕ ಇಡಬೇಕು. ಹಾಗೆ ನೋಡಿದಾಗ 140ರಿಂದ 250ರ ಆಸುಪಾಸಿಗೆ ಏರಿದ ಹುಡುಗಿಯೊಬ್ಬಳು ಸಿಕ್ಕಳು. ಹಳೆಯ ಪಟ್ಟಿಯಲ್ಲಿ ಅವಳ ಹೆಸರೇ ಇರುತ್ತಿರಲಿಲ್ಲ. ಪ್ರಥಮ ಸ್ಥಾನದವರಿಗಿಂತ ಈ ಬಹುಮಾನಕ್ಕೇ ನಮ್ಮಲ್ಲಿ ಜೋರು ಚಪ್ಪಾಳೆ.

ಪ್ರಮಾಣಪತ್ರ ನಾವೇ ಮಾಡುತ್ತೇವೆ. 300 ಜಿಎಸ್‌ಎಂ ದಪ್ಪದ ಎ4 ಕಾರ್ಡ್, ಕಲರ್ ಪ್ರಿಂಟ್ ಸೇರಿ ಒಂದಕ್ಕೆ 20 ರೂಪಾಯಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿ ಆ ಫಾಂಟ್ ಇಲ್ಲದ ಅಂಗಡಿಗೆ ಒಯ್ದು 40 ಕಾರ್ಡ್ ಹಾಳಾದವು, ಅಕ್ಷರವೆಲ್ಲ ಚಿತ್ತಾರ. ಈಗ ಯೂನಿಕೋಡ್, ಅದೂ ಪಿಡಿಎಫ್ ಮಾಡಿಯೇ ಒಯ್ಯುವುದು. ಹೆಸರು, ಇನಿಷಿಯಲ್ಲು ಅಂಕಪಟ್ಟಿಯಲ್ಲಿದ್ದಂತೆಯೇ ಇರಲಿ. ಮೂರು ದಿನ ಮುಂಚೆ ಪಟ್ಟಿಯನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರೆ ತಪ್ಪುಗಳನ್ನು ಅವರೇ ಹೇಳುತ್ತಾರೆ.

ಫಲಕ ಕೈಬಿಟ್ಟು ನಿಘಂಟು ಮತ್ತು ಲಕೋಟೆಯಲ್ಲಿ ನಗದು ಕೊಡುತ್ತೇವೆ. ಒಟ್ಟು ಖರ್ಚು ಈಗ 13 ಸಾವಿರದ ಒಳಗೆ. ಒಂದು ವರ್ಷ ಸಸಿ ಕೊಟ್ಟು ನೋಡಿದೆವು. 40ರಲ್ಲಿ ಹದಿನೈದು ಉಳಿದಿರಬಹುದು. ಮೇ ಬಿಸಿಲು, ಮಳೆ ಇನ್ನೂ ಹಿಡಿದಿರಲಿಲ್ಲ. ದತ್ತಿ (ಬಡ್ಡಿಯಲ್ಲಿ ಬಹುಮಾನ ಕೊಡಲೆಂದು ಠೇವಣಿ) ಇಡುವವರಿಂದ ಪತ್ರ ಬರೆಸುವಾಗ 'ಸಮಾನ ಅಂಕ ಬಂದರೆ ಹಂಚಿಕೊಡತಕ್ಕದ್ದು' ಎಂಬ ಸಾಲು ಮರೆಯಬೇಡಿ. 10 ಸಾವಿರದ ಠೇವಣಿಗೆ ವರ್ಷಕ್ಕೆ ಆರುನೂರೋ ಏಳುನೂರೋ ಬಡ್ಡಿ, ಅದಕ್ಕೂ ಜಗಳವಾಗುತ್ತದೆ. 

ಪ್ರತಿಭಾ ಕಾರಂಜಿ ಸ್ಪರ್ಧೆ, ಹೋಬಳಿ-ತಾಲ್ಲೂಕು ಕ್ರೀಡಾಕೂಟದ ಗೆಲುವನ್ನು ಇದಕ್ಕೆ ಸೇರಿಸಬೇಡಿ. ಗೆದ್ದ ವಾರವೇ ಪ್ರಾರ್ಥನೆಯಲ್ಲಿ ಐದು ನಿಮಿಷ ಸಾಕು. ಇಲಾಖೆಯ ಪ್ರಮಾಣಪತ್ರಕ್ಕೆ ಕಾಯಬಾರದು, ಶಾಲೆಯದೇ ಕಾರ್ಡ್ ಕೊಡಿ. ಕಬಡ್ಡಿಗೆ ಏಳು ಕಾರ್ಡ್ ಮಾಡಿದರೆ ಬದಲಿ ಆಟಗಾರರು ಬರಿಗೈಲಿ ನಿಲ್ಲುತ್ತಾರೆ, ಹನ್ನೆರಡೂ ಮಾಡಿಸಿ.

ಮೊದಲ ಸಲ ಪಾಸಾಗದೆ, ಮತ್ತೆ ಬರೆಯುವ ಪರೀಕ್ಷೆ-2ರಲ್ಲಿ ಪಾಸಾದವರನ್ನೂ ಅವರ ಟಿಸಿ ದಿನ ಹೀಗೆಯೇ ಕರೆಯುತ್ತೇವೆ. ಅದೇ ಕಾರ್ಡ್, ಅದೇ ನಿಘಂಟು. ಕಳೆದ ಸಲ ಒಂಬತ್ತು ಮಂದಿ, ಒಂಬತ್ತೂ ಜನ ಬಂದರು.