ಟೆನ್ಶನ್‌ನಿಂದ ಏರುವ ಬಿಪಿಗೆ ಮನೆಯಲ್ಲೇ ಮಾಡುವ ಅಭ್ಯಾಸ: ಯಾವಾಗ, ಹೇಗೆ, ಎಷ್ಟು ಹೊತ್ತು

ಬಿಪಿ ಜಾಸ್ತಿ ಇದೆ ಎಂದು ಗೊತ್ತಾದ ಕೂಡಲೇ ಮನೆಮಂದಿಯೆಲ್ಲ ಹೇಳುವ ಮಾತು ‘ಟೆನ್ಶನ್ ಮಾಡ್ಕೋಬೇಡಿ’. ಸಾಲದ ಕಂತು, ಮಕ್ಕಳ ಪರೀಕ್ಷೆ, ಹಾಸಿಗೆ ಹಿಡಿದಿರುವ ಹಿರಿಯರ ಆರೈಕೆ ಇವೆಲ್ಲ ಬೇಡ ಎಂದರೆ ಹೋಗುವಂಥವಲ್ಲ. ಚಿಂತೆಯ ಜೊತೆ ಗುದ್ದಾಡುವುದಕ್ಕಿಂತ ಅದು ಮೈಗೆ ಇಳಿಯುವ ದಾರಿಗಳನ್ನು ಕಟ್ಟುವುದು ಸುಲಭ. ಸಿಟ್ಟು, ಗಾಬರಿ ಬಂದಾಗ ಅಡ್ರಿನಲಿನ್ ಹರಿದು ಎದೆಬಡಿತ ಜೋರಾಗುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಮನಸ್ಸು ತಣ್ಣಗಾದರೆ ಅದೂ ಇಳಿಯುತ್ತದೆ. ತೊಂದರೆ ಇರುವುದು ತಿಂಗಳುಗಟ್ಟಲೆ ಎಳೆಯುವ ಒತ್ತಡದಲ್ಲಿ. ಆಗ ನಿದ್ದೆ ಕೆಡುತ್ತದೆ, ನಡಿಗೆ ನಿಲ್ಲುತ್ತದೆ, ಹೊರಗಿನ ತಿಂಡಿ ಹೆಚ್ಚುತ್ತದೆ, ಬೀಡಿ-ಸಿಗರೇಟು, ಕುಡಿತ ಜೊತೆಯಾಗುತ್ತವೆ, ಮಾತ್ರೆ ಮರೆತುಹೋಗುತ್ತದೆ. ಬಿಪಿ ಏರಿಯೇ ಉಳಿಯುವುದು ಬಹುತೇಕ ಈ ದಾರಿಗಳಿಂದ.

ಮೊದಲು ಅಳತೆ ಸರಿ ಮಾಡಿಕೊಳ್ಳಿ

ತಪ್ಪು ಅಳತೆಯಿಂದಲೇ ಅರ್ಧ ಟೆನ್ಶನ್ ಹುಟ್ಟುತ್ತದೆ. ತೋಳಿಗೆ ಪಟ್ಟಿ ಕಟ್ಟುವ ಡಿಜಿಟಲ್ ಮಷಿನ್ ಕೊಳ್ಳಿ, ಮಣಿಕಟ್ಟಿನದು ಬೇಡ. ತೋಳು ದಪ್ಪವಿದ್ದರೆ ದೊಡ್ಡ ಪಟ್ಟಿಯನ್ನೇ ಕೇಳಿ, ಚಿಕ್ಕ ಪಟ್ಟಿ ಸುಳ್ಳು ಏರಿಕೆ ತೋರಿಸುತ್ತದೆ. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಸಿಗರೇಟು, ವ್ಯಾಯಾಮ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ, ಕಾಲಮೇಲೆ ಕಾಲು ಹಾಕದೆ, 5 ನಿಮಿಷ ಸುಮ್ಮನೆ ಕೂರಿ. ಬಟ್ಟೆಯ ಮೇಲೆ ಕಟ್ಟದೆ ಬರಿ ತೋಳಿಗೇ ಪಟ್ಟಿ ಕಟ್ಟಿ, ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ. ಮಷಿನ್ ಓಡುವಾಗ ಮಾತಾಡಬೇಡಿ. ‘ಎಷ್ಟು ಬಂತು?’ ಎಂದು ಪಕ್ಕದವರು ಕೇಳಿದ್ದಕ್ಕೆ ಉತ್ತರ ಕೊಟ್ಟರೂ ಅಂಕಿ ಏರುತ್ತದೆ.

ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಬೆಳಿಗ್ಗೆ ಮಾತ್ರೆ, ತಿಂಡಿಗೆ ಮುಂಚೆ ಒಂದು ಸಲ, ರಾತ್ರಿ ಒಂದು ಸಲ, ಹೀಗೆ 7 ದಿನ. ಮೊದಲ ದಿನದ ಲೆಕ್ಕ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿಪಿ ಜಾಸ್ತಿ ಎಂದೇ ಲೆಕ್ಕ. ಆಸ್ಪತ್ರೆಯಲ್ಲಿ ಈ ಗೆರೆ 140/90. ವೈದ್ಯರ ಮುಂದೆ ಮಾತ್ರ ಏರಿ ಮನೆಯಲ್ಲಿ ಸರಿ ಇರುವವರು ಬಹಳ ಜನ, ಅವರು ಈ ಪುಸ್ತಕವನ್ನು ವೈದ್ಯರಿಗೆ ತೋರಿಸಲೇಬೇಕು. ಜಗಳವಾದ ಕೂಡಲೇ, ಗಾಬರಿಯಾದ ಕೂಡಲೇ ಅಳೆಯಬೇಡಿ. ಏರಿದ ಅಂಕಿ ನೋಡಿ ಗಾಬರಿ, ಆ ಗಾಬರಿಗೆ ಅಂಕಿ ಇನ್ನಷ್ಟು ಮೇಲೆ.

ನಿಮಿಷಕ್ಕೆ 6 ಉಸಿರು

ಇದೊಂದನ್ನು ಬಿಡದೆ ಮಾಡಿ. ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು 6ಕ್ಕೆ ಇಳಿಸಿದಾಗ, ಕುತ್ತಿಗೆಯ ದೊಡ್ಡ ರಕ್ತನಾಳಗಳಲ್ಲಿ ಒತ್ತಡವನ್ನು ಗಮನಿಸುವ ನರತುದಿಗಳು ಚುರುಕಾಗುತ್ತವೆ, ಎದೆಬಡಿತ ನಿಧಾನವಾಗುತ್ತದೆ, ಬಿಗಿದ ರಕ್ತನಾಳ ಸಡಿಲುತ್ತದೆ.

ಕುರ್ಚಿಯಲ್ಲಿ ಕೂತು ಒಂದು ಅಂಗೈಯನ್ನು ಹೊಕ್ಕುಳ ಮೇಲೆ, ಇನ್ನೊಂದನ್ನು ಎದೆಯ ಮೇಲೆ ಇಡಿ. ಮೂಗಿನಿಂದ ಮನಸ್ಸಿನಲ್ಲೇ 4 ಎಣಿಸುತ್ತ ಉಸಿರು ಎಳೆಯಿರಿ. ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯದು ಹೆಚ್ಚುಕಡಿಮೆ ಅಲ್ಲೇ ಇರಬೇಕು. ತಡೆಯದೆ 6 ಎಣಿಸುತ್ತ ಬಿಡಿ. ಬಿಸಿ ಹಾಲನ್ನು ಆರಿಸುವಾಗ ಊದುವ ಹಾಗೆ ತುಟಿ ಮುದುಡಿ ಬಿಟ್ಟರೆ ಎಣಿಕೆ ಸುಲಭವಾಗುತ್ತದೆ. ಒಂದು ಸುತ್ತಿಗೆ 10 ಸೆಕೆಂಡು. ಮೊದಲ ವಾರ ದಿನಕ್ಕೆ 5 ನಿಮಿಷ, ಆಮೇಲೆ 10, ಮೂರನೇ ವಾರಕ್ಕೆ 15. 6 ಎಣಿಸಲು ಆಗದಿದ್ದರೆ 3 ಎಳೆದು 4 ಬಿಡುವುದರಿಂದ ಶುರು ಮಾಡಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ‘ಚೆನ್ನಾಗಿ ಮಾಡಬೇಕು’ ಎಂದು ಎದೆ ತುಂಬ ಗಾಳಿ ಎಳೆಯುವುದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗಿ ತಲೆ ಸುತ್ತುತ್ತದೆ, ಬೆರಳ ತುದಿ, ತುಟಿ ಜುಮ್ಮೆನ್ನುತ್ತದೆ. ಉಸಿರು ನಿಧಾನವಾಗಿರಲಿ, ದೊಡ್ಡದಾಗಬೇಕಿಲ್ಲ. ತಲೆ ಸುತ್ತಿದರೆ ನಿಲ್ಲಿಸಿ, ಮಾಮೂಲಾಗಿ ಉಸಿರಾಡಿ. ಹೃದಯ, ಶ್ವಾಸಕೋಶದ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಿ.

ಯೋಗ ಮಾಡುವವರಿಗೆ ಒಂದು ಎಚ್ಚರಿಕೆ. ಬಿಪಿ ಹತೋಟಿಗೆ ಬರುವ ತನಕ ಕಪಾಲಭಾತಿ, ಭಸ್ತ್ರಿಕಾ, ಉಸಿರು ಹಿಡಿದಿಡುವ ಕುಂಭಕ, ಶೀರ್ಷಾಸನ, ಸರ್ವಾಂಗಾಸನ ಬೇಡ. ಕುಂಭಕವಿಲ್ಲದ ನಾಡಿಶೋಧನ, ಭ್ರಾಮರಿ, ಶವಾಸನ ಮಾಡಬಹುದು.

ಕೆಲಸದ ನಡುವೆ

ಸಿಟ್ಟು ನೆತ್ತಿಗೇರುವ ಹೊತ್ತಿಗೆ 15 ನಿಮಿಷ ಯಾರಿಗೂ ಸಿಗುವುದಿಲ್ಲ, ಒಂದು ನಿಮಿಷ ಸಿಗುತ್ತದೆ. ಕಚ್ಚಿದ ಹಲ್ಲು ಬಿಡಿಸಿ, ಕಿವಿಯತ್ತ ಏರಿದ ಭುಜ ಇಳಿಸಿ, 6 ನಿಧಾನದ ಉಸಿರು. ಆಮೇಲೆ ಫೋನ್ ಎತ್ತಿ, ಮೆಸೇಜಿಗೆ ಉತ್ತರ ಕೊಡಿ. ದಿನವೂ ಉಸಿರಿನ ಅಭ್ಯಾಸ ಮಾಡುವವರಿಗೆ ಮಾತ್ರ ಇದು ಆ ಹೊತ್ತಿಗೆ ಕೈಗೆ ಬರುತ್ತದೆ.

ವಾರಕ್ಕೆ 5 ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಮೂರು ಸಲ ಹತ್ತತ್ತು ನಿಮಿಷವಾದರೂ ಸರಿ. ನಡೆದು ಬಂದ ಮೇಲೆ ಕೆಲವು ಗಂಟೆ ಬಿಪಿ ಇಳಿದೇ ಇರುತ್ತದೆ.

ಟೆನ್ಶನ್ ಇದ್ದ ದಿನ ಬಾಯಿ ಬೇಡುವುದು ಮಿಕ್ಸ್ಚರ್, ಚಿಪ್ಸ್, ಉಪ್ಪಿನಕಾಯಿ, ಹಪ್ಪಳ. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗೆ. ಸಾರು, ಪಲ್ಯ, ಮೊಸರನ್ನ, ಸಂಜೆಯ ತಿಂಡಿ ಎಲ್ಲ ಸೇರಿ ಅಷ್ಟೇ. ಕುರುಕಲು ಬೇಕೇ ಬೇಕೆನಿಸಿದರೆ ಉಪ್ಪಿಲ್ಲದೆ ಹುರಿದ ಕಡಲೆಕಾಯಿ ಒಂದು ಹಿಡಿ.

ಚಿಂತೆಗೆ ತಲೆನೋವು ಬಂದಾಗ ನುಂಗುವ ಮಾತ್ರೆಯ ಕಡೆಗೂ ಗಮನ ಇರಲಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೈಯಲ್ಲಿ ಉಪ್ಪು-ನೀರು ನಿಲ್ಲಿಸಿ ಬಿಪಿ ಏರಿಸುತ್ತವೆ, ಕೆಲವು ಬಿಪಿ ಮಾತ್ರೆಗಳ ಬಲವನ್ನೂ ತಗ್ಗಿಸುತ್ತವೆ. ಮೂಗು ಕಟ್ಟಿದ್ದಕ್ಕೆ ತಿನ್ನುವ ಕೆಲವು ಶೀತದ ಮಾತ್ರೆಗಳೂ ಬಿಪಿ ಏರಿಸುತ್ತವೆ. ಮೆಡಿಕಲ್ ಶಾಪಿನಲ್ಲಿ ‘ನನಗೆ ಬಿಪಿ ಇದೆ’ ಎಂದು ಮೊದಲೇ ಹೇಳಿ.

ರಾತ್ರಿ

ನಿದ್ದೆ 7 ಗಂಟೆಯಾದರೂ ಇರಲಿ. ಕಾಫಿ-ಟೀ ಮಧ್ಯಾಹ್ನ 2ಕ್ಕೆ ಮುಗಿಸಿ. ಮಲಗುವ ಅರ್ಧ ಗಂಟೆ ಮುಂಚೆ ನಾಳೆಯ ಚಿಂತೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ, ಪ್ರತಿಯೊಂದರ ಎದುರು ನಾಳೆ ಮಾಡುವ ಒಂದೇ ಒಂದು ಕೆಲಸ ಬರೆಯಿರಿ: ‘ಬ್ಯಾಂಕಿಗೆ 11 ಗಂಟೆಗೆ ಫೋನ್’. ಏನೂ ಮಾಡಲಾಗದ್ದರ ಎದುರು ಗೆರೆ ಎಳೆಯಿರಿ. ಹಾಸಿಗೆಯಲ್ಲಿ ಪಾದದಿಂದ ಶುರುಮಾಡಿ ಮೀನಖಂಡ, ತೊಡೆ, ಮುಷ್ಟಿ, ಭುಜ, ಮುಖ ಹೀಗೆ ಒಂದೊಂದನ್ನೇ 5 ಸೆಕೆಂಡು ಮೆಲ್ಲಗೆ ಬಿಗಿದು 15 ಸೆಕೆಂಡು ಸಡಿಲ ಬಿಡಿ. ಬಿಗಿಯುವಾಗ ಉಸಿರು ಕಟ್ಟಬೇಡಿ.

ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ, ಹಗಲೆಲ್ಲ ತೂಕಡಿಸುವವರು ವೈದ್ಯರಿಗೆ ಹೇಳಲೇಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವ ಈ ತೊಂದರೆ ಇದ್ದರೆ ಬರೀ ಧ್ಯಾನದಿಂದ ಬಿಪಿ ಇಳಿಯುವುದಿಲ್ಲ.

ಎಷ್ಟು ಇಳಿಯುತ್ತದೆ, ಎಲ್ಲಿ ನಿಲ್ಲಬೇಕು

ಉಸಿರಿನ ಅಭ್ಯಾಸದಿಂದ ಮೇಲಿನ ಅಂಕಿ ಕೆಲವು ಪಾಯಿಂಟ್ ಇಳಿಯಬಹುದು, ಅದಕ್ಕೂ 4ರಿಂದ 8 ವಾರ ಬೇಕು. ಹೀಗಾಗಿ ಇದು ಮಾತ್ರೆಯ ಜೊತೆಗೆ ಮಾಡುವ ಕೆಲಸ, ಮಾತ್ರೆಯ ಬದಲಿಗೆ ಅಲ್ಲ. ಅಂಕಿ ಚೆನ್ನಾಗಿ ಬಂತೆಂದು ನೀವಾಗಿ ಮಾತ್ರೆ ಬಿಟ್ಟರೆ ಬಿಪಿ ಮತ್ತೆ ಏರುತ್ತದೆ, ಕೆಲವು ಮಾತ್ರೆಗಳನ್ನು ದಿಢೀರ್ ನಿಲ್ಲಿಸಿದರೆ ಮೊದಲಿಗಿಂತ ಮೇಲಕ್ಕೆ ಹಾರುತ್ತದೆ. ಕಡಿಮೆ ಮಾಡುವ ಮಾತೇನಿದ್ದರೂ ಪುಸ್ತಕ ತೋರಿಸಿ ವೈದ್ಯರೊಂದಿಗೇ ಆಗಲಿ.

180/120 ದಾಟಿ ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಕಂಡರೆ ಉಸಿರಿನ ಅಭ್ಯಾಸಕ್ಕೆ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಈ ಲಕ್ಷಣಗಳೇನಿಲ್ಲದೆ ಅಂಕಿ ಮಾತ್ರ ಏರಿದ್ದರೆ 5 ನಿಮಿಷ ಸುಮ್ಮನೆ ಕೂತು ಮತ್ತೆ ಅಳೆಯಿರಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ವೈದ್ಯರಿಗೆ ತಿಳಿಸಿ.

ಎರಡು ವಾರ ದಾಟಿದರೂ ಬೆಳಗಾಗುತ್ತಲೇ ಭಯ, ಯಾವುದರಲ್ಲೂ ಮನಸ್ಸಿಲ್ಲ, ಊಟ-ನಿದ್ದೆ ಸೇರುತ್ತಿಲ್ಲ ಎನ್ನುವಂತಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.