ಊರಿಂದ ಪೇಟೆಗೆ ಬಂದ ಅಪ್ಪ ಅಮ್ಮ ಖುಷಿಲಿ ಇರ್ಬೇಕಾದ್ರೆ

ಅಪ್ಪ ತೀರಿಹೋದ ಮೇಲೆ ಅಮ್ಮನನ್ನು ಪೆರ್ಲದ ಮನೆಯಿಂದ ಕಾಸರಗೋಡು ಪೇಟೆಯ ಫ್ಲಾಟಿಗೆ ಕರ್ಕೊಂಡು ಬಂದೆ. ಶುರುವಿಗೆ ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. "ನೀವು ಎಂತದೂ ಮಾಡುದು ಬೇಡಮ್ಮ, ಆರಾಮ ಕೂತ್ಕೊಳ್ಳಿ" ಅಂತ ದಿನಾ ಹೇಳ್ತಿದ್ದೆ, ಜೀವಮಾನ ಇಡೀ ತೋಟ ಹಟ್ಟಿ ಅಂತ ಓಡಾಡಿದವ್ರು ಬಾಲ್ಕನಿಲಿ ಕುರ್ಚಿ ಹಾಕಿ ಕೂತ್ರೆ ನೆಂಟರ ಮನೆಲಿ ಇದ್ದ ಹಾಗೇ ಅಲ್ವಾ, ಊಟವೂ ಕಮ್ಮಿ ಆಯ್ತು ಮಾತೂ ಕಮ್ಮಿ ಆಯ್ತು.

ಮೊದಲು ಒಂದು ಕೆಲಸ ಅವ್ರಿಗೇ ಅಂತ ಬಿಟ್ಟುಕೊಡಿ. ನಾನು ಊರಿಂದ ಅಮ್ಮನ ಮೆಟ್ಟುಕತ್ತಿ, ಅಂದ್ರೆ ತರಕಾರಿ ಕೊರೆಯುವ ಈಳಿಗೆಮಣೆ, ತಂದೆ. ಮಣೆ ಮೇಲೆ ಒಂದು ಕಾಲು ಮಡಚಿ ಕೂತು ಬಸಳೆ ದಂಟು ಕೊರೆಯುವಾಗ ಅವ್ರ ಮುಖ ನೋಡ್ಬೇಕು, ಕೈ ಅದರಷ್ಟಕ್ಕೇ ಹೋಗ್ತದೆ, ಬಾಯಲ್ಲಿ ಹಳೇ ಕತೆ. ಈಗ ಸಾಂಬಾರಿಗೆ ಎಂತ ಹಾಕುದು ಅಂತ ಅವ್ರು ಹೇಳುದು, ನಾವು ಕೇಳುದು.

ಮತ್ತೆ ಒಬ್ರೇ ಹೊರಗೆ ಹೋಗ್ಲಿಕ್ಕೆ ಆಗ್ಬೇಕು, ನನ್ನ ಪ್ರಕಾರ ಇದೇ ದೊಡ್ಡದು. ನಮ್ಮಲ್ಲಿ ಕನ್ನಡ ಶಾಲೆಲಿ ಕಲ್ತ ಎಷ್ಟೋ ಹಿರಿಯರಿಗೆ ಮಲಯಾಳ ಕೇಳಿದ್ರೆ ಅರ್ಥ ಆಗ್ತದೆ, ಓದ್ಲಿಕ್ಕೆ ಬರುದಿಲ್ಲ. ಬಸ್ಸಿನ ಬೋರ್ಡು ಗೊತ್ತಾಗುದಿಲ್ಲ, ಬೇರೆಯವರ ಹತ್ರ ಕೇಳ್ಲಿಕ್ಕೆ ನಾಚಿಕೆ, ಕಡೆಗೆ ಮನೆಲೇ ಉಳಿಯುದು. ಒಂದು ಚೀಟಿಲಿ ಮಧೂರು, ಬದಿಯಡ್ಕ, ಪೆರ್ಲ ಅಂತ ಕನ್ನಡದಲ್ಲಿ ಬರ್ದು ಪಕ್ಕದಲ್ಲೇ ಮಲಯಾಳದಲ್ಲಿ ದೊಡ್ಡಕ್ಕೆ ಬರ್ದು ಕೊಟ್ಟೆ. ಎರಡು ಸಲ ಜೊತೆಗೆ ಹೋದೆ. ಮೂರನೇ ಸಲ ಅಮ್ಮ ಒಬ್ರೇ ಮಧೂರು ದೇವಸ್ಥಾನಕ್ಕೆ ಹೋಗಿ ಬಂದು, ಅಲ್ಲಿಯ ಪ್ರಸಾದದ ಸಿಹಿ ಅಪ್ಪ ನನ್ನ ಕೈಗೆ ಕೊಟ್ಟು "ಬಸ್ಸಲ್ಲಿ ಸೀಟೂ ಸಿಕ್ತು" ಅಂದ್ರು. ಅಷ್ಟು ಗಟ್ಟಿ ಸ್ವರ ಎಷ್ಟು ತಿಂಗಳಾಗಿತ್ತು ಕೇಳದೆ!

ಕೈಯಲ್ಲಿ ಸ್ವಲ್ಪ ದುಡ್ಡು ಇರ್ಲಿ, ಲೆಕ್ಕ ಕೇಳ್ಬೇಡಿ.

65 ದಾಟಿದವ್ರಿಗೆ ಮುನ್ಸಿಪಾಲಿಟಿ ಕಡೆ ಕೇರಳ ಸರ್ಕಾರದ ವಯೋಮಿತ್ರಂ ಕ್ಲಿನಿಕ್ ಉಂಟು, ಮದ್ದು ಫ್ರೀ, ಯಾವ ದಿನ ಎಲ್ಲಿ ಅಂತ ವಾರ್ಡ್ ಕೌನ್ಸಿಲರ್ ಹತ್ರ ವಿಚಾರಿಸಿ. ಮದ್ದಿಗಿಂತಲೂ ಅಲ್ಲಿ ಪ್ರಾಯದವ್ರು ಮಾತಾಡ್ಲಿಕ್ಕೆ ಸಿಗುದು ಅಮ್ಮನಿಗೆ ಇಷ್ಟ. ಹತ್ತಿರದ ದೇವಸ್ಥಾನದಲ್ಲಿ ತಾಳಮದ್ದಳೆ ಇದ್ರೆ ಅದೂ ಆಗ್ತದೆ, ವಾಪಸ್ ಕರ್ಕೊಂಡು ಬರ್ಲಿಕ್ಕೆ ಜನ ಇರ್ಬೇಕು ಅಷ್ಟೆ.

ಊರ ಮನೆಯ ಬೀಗದ ಕೈ ಅವ್ರ ಹತ್ರವೇ ಇರ್ಲಿ. ನಮ್ಮಮ್ಮ ಅದನ್ನು ತಲೆದಿಂಬಿನ ಅಡಿಲಿ ಇಟ್ಟು ಮಲಗುದು. ತಿಂಗಳಿಗೊಂದ್ಸಲ ಹೋಗಿ ಬಾಗಿಲು ತೆಗ್ದು ಗುಡಿಸಿ, ಬಾವಿಕಟ್ಟೆ ಹತ್ರ ಸ್ವಲ್ಪ ಹೊತ್ತು ಕೂತು ಬರ್ತಾರೆ, ಆ ದಿನ ನೀವು ಬೇರೆ ಎಂತ ಕೆಲಸವೂ ಇಟ್ಕೊಳ್ಬೇಡಿ, ಹೊರಡುವಾ ಅಂತ ಅವಸರವೂ ಮಾಡ್ಬೇಡಿ.